ಸಂಶಯಕ್ಕೆ ಉತ್ತರ ಕೊಡದ ಚಿಕಿತ್ಸೆ: ಗೀಳುರೋಗವೂ ಅದನ್ನು ಗುಣಪಡಿಸುವ ವೃತ್ತಿಯೂ

ಸರಳ ಲೋಲಕದ ಪ್ರಯೋಗವನ್ನು ಮಾಡದ ವಿಜ್ಞಾನ ವಿದ್ಯಾರ್ಥಿ ಇರಲಾರನು. ದಾರದ ತುದಿಗೆ ಲೋಹದ ಗುಂಡನ್ನು ಕಟ್ಟಿ ತೂಗಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕ ಹಾಕುವ ಪ್ರಯೋಗ ಅದು. ಪ್ರತಿಯೊಂದು ಉದ್ದಕ್ಕೂ ಎರಡು ಮೂರು ಸಲ ಅಳೆದು ಸರಾಸರಿ ತೆಗೆದರೆ ಸಾಕು. ಕೆಲವು ವರ್ಷಗಳ ಹಿಂದೆ ಬಾಗಲಕೋಟೆಯ ಕಾಲೇಜೊಂದರಲ್ಲಿ ನಾವು ಪಾಠ ಹೇಳುತ್ತಿದ್ದಾಗ, ಒಬ್ಬ ವಿದ್ಯಾರ್ಥಿ ಒಂದೇ ಉದ್ದಕ್ಕೆ ಮೂವತ್ತಾರು ಸಲ ಅಳೆದು ಬರೆದುಕೊಂಡಿದ್ದನು. ನಾವು ಮೆಚ್ಚಿದೆವು. ಶ್ರದ್ಧೆಯೆಂದರೆ ಹೀಗಿರಬೇಕೆಂದು ಹೇಳಿ ಅವನ ಪುಸ್ತಕವನ್ನು ಉಳಿದವರಿಗೆ ತೋರಿಸಿದೆವು.

ಅದು ನಮ್ಮ ಮೊದಲನೆಯ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು. ಆ ಹುಡುಗ ಅಳತೆ ಮುಗಿಸಿದ ಮೇಲೆ ನಮ್ಮ ಮೇಜಿನ ಬಳಿಗೆ ಬಂದು, "ಸರ್, ಇದು ಬರೋಬರಿ ಐತಲ್ರೀ?" ಎಂದು ಕೇಳುವನು. ನಾವು ನೋಡಿ, "ಬರೋಬರಿ ಐತಿ, ಹೋಗು" ಎನ್ನುವೆವು. ಐದು ನಿಮಿಷ ಕಳೆದಿರುವುದಿಲ್ಲ, ಅದೇ ಪುಟ, ಅದೇ ಪ್ರಶ್ನೆ. ಅಧ್ಯಾಪಕರಾದವರಿಗೆ ತಾಳ್ಮೆ ಇರಬೇಕೆಂದು ತಿಳಿದು ನಾವು ಪ್ರತಿಸಲವೂ ಅದೇ ಉತ್ತರವನ್ನು ಕೊಟ್ಟೆವು. ವರ್ಷದ ಕೊನೆಯ ಹೊತ್ತಿಗೆ ಅವನಿಂದ ಒಂದು ಪ್ರಯೋಗವನ್ನೂ ವೇಳೆಗೆ ಸರಿಯಾಗಿ ಮುಗಿಸಲು ಆಗುತ್ತಿರಲಿಲ್ಲ. ಪರೀಕ್ಷೆಯ ದಿನ ಅವನು ಒಪ್ಪಿಸಿದ್ದು ಎರಡು ಪುಟ. ಎರಡರಲ್ಲೂ ಬರೆದುದನ್ನೆಲ್ಲ ಹೊಡೆದುಹಾಕಿದ್ದನು.

ಅವನು ಇಳಕಲ್ಲಿನ ನೇಕಾರರ ಮನೆಯ ಹುಡುಗ. ಬಾಗಲಕೋಟೆಯ ನವನಗರದಲ್ಲಿ ಕೋಣೆ ಮಾಡಿಕೊಂಡಿದ್ದನು. ಕೋಣೆಗೆ ಬೀಗ ಹಾಕಿ ಹೊರಟವನು ದಾರಿಯಿಂದ ಹಿಂದಿರುಗಿ ಬೀಗವನ್ನು ಎಳೆದು ನೋಡುತ್ತಿದ್ದನೆಂದೂ, ಕೆಲವು ದಿನ ಹತ್ತು ಹದಿನೈದು ಸಲ ಹೀಗೆ ಅಲೆದು ಕೊನೆಗೆ ಕಾಲೇಜಿಗೇ ಬರುತ್ತಿರಲಿಲ್ಲವೆಂದೂ, ರಾತ್ರಿ ಹುನಗುಂದದಲ್ಲಿದ್ದ ಕಾಕಾನಿಗೆ ದೂರವಾಣಿಯಲ್ಲಿ ಮಾತನಾಡಿ "ಕಾಕಾ, ನಾ ಗ್ಯಾಸ್ ಬಂದ್ ಮಾಡೀನಿ ಅಲ್ಲ?" ಎಂದು ಕೇಳುತ್ತಿದ್ದನೆಂದೂ ನಮಗೆ ಆಮೇಲೆ ತಿಳಿಯಿತು. ಕೋಣೆಯ ಒಲೆ ಆರಿದೆಯೋ ಇಲ್ಲವೋ ಎಂಬುದು ಹುನಗುಂದದಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು? ಆದರೂ ಕಾಕಾ, "ಮಾಡೀಯಪ್ಪಾ, ಮಲ್ಕೊ" ಎನ್ನುತ್ತಿದ್ದರು. ನಾವೂ ಅವರೂ ಮಾಡಿದ್ದು ಒಂದೇ. ಸಮಾಧಾನ ಹೇಳುತ್ತಿದ್ದೇವೆಂದು ತಿಳಿದು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದೆವು.

ಆ ಹುಡುಗನ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ, ಅವನ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ. ಅವನನ್ನು ಹಿಡಿದಿದ್ದ ರೋಗ ಯಾವುದು, ಅದನ್ನು ಗುಣಪಡಿಸುವುದನ್ನೇ ಬಾಳಿನ ವೃತ್ತಿಯಾಗಿ ಮಾಡಿಕೊಂಡವರು ಏನು ಮಾಡುತ್ತಾರೆ ಎಂಬುದನ್ನು ತರುಣ ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಇದಕ್ಕೆ ಕನ್ನಡದಲ್ಲಿ ಗೀಳುರೋಗವೆಂದು ಹೆಸರು. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ಬೇಡವೆಂದರೂ ಮನಸ್ಸಿಗೆ ನುಗ್ಗಿ ಬರುವ ಯೋಚನೆ: ಕೈ ಕೊಳೆಯಾಯಿತು, ಬೀಗ ಬಿದ್ದಿಲ್ಲ, ನನ್ನಿಂದ ಯಾರಿಗೋ ಕೇಡಾಯಿತು, ದೇವರ ಮುಂದೆ ಕೆಟ್ಟ ಮಾತು ಮನಸ್ಸಿಗೆ ಬಂತು. ಇದು ಗೀಳು. ಎರಡನೆಯದು, ಆ ಯೋಚನೆಯಿಂದ ಹುಟ್ಟುವ ಕಳವಳವನ್ನು ಅಡಗಿಸಲು ಮಾಡಲೇಬೇಕೆನ್ನಿಸುವ ಕೆಲಸ: ತೊಳೆಯುವುದು, ಎಳೆದು ನೋಡುವುದು, ಎಣಿಸುವುದು, ಮತ್ತೆ ಮತ್ತೆ ಕೇಳುವುದು, ಮನಸ್ಸಿನಲ್ಲೇ ಮಂತ್ರದಂತೆ ಏನನ್ನೋ ಹೇಳಿಕೊಳ್ಳುವುದು. ಇದನ್ನು ಒತ್ತಾಯಕ್ರಿಯೆ ಎನ್ನೋಣ. ಒತ್ತಾಯಪಡಿಸುವವರು ಹೊರಗಿನವರಲ್ಲ; ತನ್ನ ಮನಸ್ಸೇ ತನ್ನನ್ನು ಒತ್ತಾಯಪಡಿಸುತ್ತದೆ. ಮಾಡುತ್ತಿರುವುದು ಅರ್ಥವಿಲ್ಲದ್ದೆಂದು ರೋಗಿಗೆ ಬಹುಮಟ್ಟಿಗೆ ತಿಳಿದೇ ಇರುತ್ತದೆ. ತಿಳಿದಿದ್ದೂ ಬಿಡಲಾರದೆ ಇರುವುದು ಈ ರೋಗದ ಕ್ರೌರ್ಯ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯರು ಇದನ್ನು ಸಂಶಯದ ಹುಚ್ಚು ಎಂದು ಕರೆದರು. ಹೆಸರಿನಲ್ಲಿ ಹುಚ್ಚು ಎಂಬುದು ತಪ್ಪಾದರೂ ಸಂಶಯ ಎಂಬುದು ಸರಿ.

ಶುಚಿಯಾಗಿರುವವರೆಲ್ಲ ಗೀಳುರೋಗಿಗಳೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಮಡಿಯುಟ್ಟ ಅಜ್ಜಿ ಸ್ನಾನ ಮುಗಿಸಿ ಅಡುಗೆಗೆ ಕೂಡುತ್ತಾಳೆ. ಆಚಾರಕ್ಕೆ ಒಂದು ಆದಿಯುಂಟು, ಒಂದು ಕೊನೆಯುಂಟು. ಗೀಳಿಗೆ ಕೊನೆಯಿಲ್ಲ. ದಿನಕ್ಕೆ ಒಂದು ಗಂಟೆಗೆ ಮೀರಿ ಇದರಲ್ಲಿಯೇ ಕಳೆಯುತ್ತಿದ್ದರೆ, ಅಥವಾ ಇದರಿಂದ ಓದು, ಕೆಲಸ, ಸಂಸಾರ ಕೆಡುತ್ತಿದ್ದರೆ, ಅದನ್ನು ರೋಗವೆಂದು ವೈದ್ಯರು ಎಣಿಸುತ್ತಾರೆ.

ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೆ ಮುಖ್ಯವಾದುದು. ಕೆಟ್ಟ ಯೋಚನೆ ಮನಸ್ಸಿಗೆ ನುಗ್ಗುವುದೇ ರೋಗವಲ್ಲ. 1978ರಲ್ಲಿ ಲಂಡನ್ನಿನ ಮನೋವಿಜ್ಞಾನಿ ಸ್ಟ್ಯಾನ್ಲಿ ರಾಕ್ಮನ್ ಮತ್ತು ಶ್ರೀಲಂಕಾದಿಂದ ಬಂದು ಅಲ್ಲಿ ದುಡಿಯುತ್ತಿದ್ದ ಪದ್ಮಲ್ ಡಿ ಸಿಲ್ವ ಅವರು ಆರೋಗ್ಯವಂತರನ್ನು ವಿಚಾರಿಸಿದಾಗ, ನೂರಕ್ಕೆ ಸುಮಾರು ಎಂಬತ್ತು ಮಂದಿ ಅಂಥ ಯೋಚನೆಗಳು ತಮಗೂ ಬರುತ್ತವೆಂದು ಒಪ್ಪಿಕೊಂಡರು. ಎತ್ತರದಲ್ಲಿ ನಿಂತಾಗ ಹಾರಿಬಿಟ್ಟರೆ ಹೇಗೆ ಎಂದು ಒಂದು ಕ್ಷಣ ಅನೇಕರಿಗೆ ಅನ್ನಿಸುವುದುಂಟು. ಹೆಚ್ಚಿನವರು "ಏನೋ ಒಂದು" ಎಂದು ಮುಂದೆ ಸಾಗುತ್ತಾರೆ. ಗೀಳುರೋಗಿ ಅಲ್ಲಿಯೇ ನಿಂತು, ನನಗೇಕೆ ಹೀಗನ್ನಿಸಿತು ಎಂದು ವಿಚಾರಣೆಗೆ ತೊಡಗುತ್ತಾನೆ. ವ್ಯತ್ಯಾಸವಿರುವುದು ಯೋಚನೆಯಲ್ಲಲ್ಲ, ಅದಕ್ಕೆ ಕೊಡುವ ಬೆಲೆಯಲ್ಲಿ.

ಅಳತೆಯೂ ತಪಾಸಣೆಯೂ

ಭೌತವಿಜ್ಞಾನವನ್ನು ಕಲಿಸುವವರಿಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮತ್ತೆ ಮತ್ತೆ ಅಳೆದರೆ ಸಂಶಯ ಕಡಿಮೆಯಾಗಬೇಕಲ್ಲವೆ? ಸರಾಸರಿಯ ದೋಷವು ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ನಾಲ್ಕು ಸಲ ಅಳೆದರೆ ದೋಷ ಅರ್ಧವಾಗುತ್ತದೆ; ಮೂವತ್ತಾರು ಸಲ ಅಳೆದರೆ ಆರರಲ್ಲಿ ಒಂದು ಪಾಲಾಗುತ್ತದೆ. ಆದರೆ ಎಷ್ಟು ಸಲ ಅಳೆದರೂ ಅದು ಸೊನ್ನೆಯಾಗುವುದಿಲ್ಲ. ಆದುದರಿಂದಲೇ ನಾವು ಉತ್ತರದ ಮುಂದೆ ಕೂಡು ಕಳೆ ಚಿಹ್ನೆ ಹಾಕಿ ದೋಷದ ಮಿತಿಯನ್ನೂ ಬರೆಯುತ್ತೇವೆ. "ಇಷ್ಟು ಸಂಶಯ ಉಳಿದಿದೆ, ಇಷ್ಟರಿಂದ ನಮ್ಮ ಕೆಲಸ ನಡೆಯುತ್ತದೆ" ಎಂಬುದು ಆ ಚಿಹ್ನೆಯ ಅರ್ಥ. ಗೀಳುರೋಗಿಗೆ ಬೇಕಾದುದು ಸೊನ್ನೆ ದೋಷ. ಆ ಅಳತೆ ಈ ಲೋಕದಲ್ಲಿಲ್ಲ.

ಇಷ್ಟೇ ಆಗಿದ್ದರೆ ಅವನ ಶ್ರಮ ವ್ಯರ್ಥವೆಂದು ಮಾತ್ರ ಹೇಳಬಹುದಾಗಿತ್ತು. ಆದರೆ ಅದು ವ್ಯರ್ಥವಷ್ಟೇ ಅಲ್ಲ, ಹಾನಿಕರವೂ ಹೌದು. 2003ರಲ್ಲಿ ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂಬ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ರೋಗವಿಲ್ಲದ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗ್ಯಾಸ್ ಒಲೆಯನ್ನು ತೋರಿಸಿ, ಅದನ್ನು ಹಚ್ಚಿ, ಆರಿಸಿ, ಆರಿದೆಯೇ ಎಂದು ತಪಾಸಿಸುವಂತೆ ಹೇಳಿದರು. ಒಂದು ಗುಂಪಿನವರು ಒಲೆಯನ್ನೇ ಮತ್ತೆ ಮತ್ತೆ ತಪಾಸಿಸಿದರು. ಇನ್ನೊಂದು ಗುಂಪಿನವರು ಆ ಹೊತ್ತಿನಲ್ಲಿ ದೀಪಗಳನ್ನು ತಪಾಸಿಸಿದರು. ಕೊನೆಯಲ್ಲಿ ಇಬ್ಬರೂ ಒಲೆಯನ್ನು ಒಮ್ಮೆ ನೋಡಿದರು. ಕೊನೆಯ ಸಲ ಕಂಡದ್ದೇನೆಂಬ ನೆನಪು ಎರಡು ಗುಂಪಿನಲ್ಲಿಯೂ ಸಮನಾಗಿಯೇ ಸರಿಯಾಗಿದ್ದಿತು. ಆದರೆ ಒಲೆಯನ್ನೇ ಮತ್ತೆ ಮತ್ತೆ ನೋಡಿದವರಿಗೆ ಆ ನೆನಪು ಮಸುಕಾಗಿದ್ದಿತು. ಅದರ ಮೇಲಿನ ನಂಬಿಕೆಯೂ ಕುಗ್ಗಿದ್ದಿತು.

ಅಂದರೆ, ಲೋಲಕವನ್ನು ಹೆಚ್ಚು ಸಲ ಅಳೆದಂತೆ ಸಂಶಯ ಇಳಿಯುತ್ತದೆ. ಬೀಗವನ್ನು ಹೆಚ್ಚು ಸಲ ಎಳೆದಂತೆ ಸಂಶಯ ಏರುತ್ತದೆ. ಹತ್ತು ಸಲದ ನೆನಪುಗಳು ಒಂದರ ಮೇಲೊಂದು ಬಿದ್ದು, ಈಗಿನದು ಯಾವುದು, ಆಗಿನದು ಯಾವುದು ಎಂಬುದೇ ತೋಚದಂತಾಗುತ್ತದೆ. ಹನ್ನೊಂದನೆಯ ಸಲ ನೋಡಿದರೆ ಮಂಜು ಇನ್ನೂ ದಟ್ಟವಾಗುತ್ತದೆ. ನಾವು ಆ ಹುಡುಗನಿಗೆ "ಬರೋಬರಿ ಐತಿ" ಎಂದು ಹೇಳಿದ ಪ್ರತಿಯೊಂದು ಸಲವೂ ಅಂಥ ಒಂದು ತಪಾಸಣೆಯೇ ಆಗಿತ್ತು.

ಲಂಡನ್ನಿನ ಇಬ್ಬರು ರೋಗಿಗಳು

ಈ ರೋಗಕ್ಕೆ ಮದ್ದಿಲ್ಲವೆಂದು ಬಹುಕಾಲ ನಂಬಿದ್ದರು. ವರ್ಷಗಟ್ಟಲೆ ನಡೆಸಿದ ಮನೋವಿಶ್ಲೇಷಣೆಯಿಂದಲೂ ಹೆಚ್ಚು ಗುಣ ಕಾಣುತ್ತಿರಲಿಲ್ಲ. ತೀವ್ರವಾದ ಕೆಲವು ಪ್ರಸಂಗಗಳಲ್ಲಿ ಮೆದುಳಿನ ಶಸ್ತ್ರಕ್ರಿಯೆಗೂ ಕೈಹಾಕುತ್ತಿದ್ದರು. ಹೀಗಿರುವಾಗ 1966ರಲ್ಲಿ ವಿಕ್ಟರ್ ಮೆಯರ್ ಎಂಬ ಮನೋವಿಜ್ಞಾನಿ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇವರು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬ ರೋಗಿಗೆ ಕೊಳೆಯ ಭಯ, ತೊಳೆಯುವ ಗೀಳು; ಇನ್ನೊಬ್ಬ ರೋಗಿಗೆ ದೈವನಿಂದೆಯ ಯೋಚನೆಗಳ ಕಾಟ.

ಮೆಯರ್ ಅವರ ತರ್ಕ ಸರಳವಾಗಿದ್ದಿತು. ತೊಳೆಯದಿದ್ದರೆ ಅನಾಹುತವಾಗುವುದೆಂದು ರೋಗಿ ಎಣಿಸುತ್ತಾನೆ. ಪ್ರತಿಸಲವೂ ತೊಳೆದುಬಿಡುವುದರಿಂದ, ತೊಳೆಯದಿದ್ದರೆ ಏನಾಗುವುದೆಂಬುದನ್ನು ಅವನು ಒಮ್ಮೆಯಾದರೂ ಕಂಡಿಲ್ಲ. ಪ್ರಯೋಗ ಮಾಡದ ಸಿದ್ಧಾಂತ ಅವನದು. ಹಾಗಾದರೆ ಆ ಪ್ರಯೋಗವನ್ನು ಮಾಡಿಸಬೇಕು. ಅಂಜುವ ವಸ್ತುವನ್ನು ಮುಟ್ಟಿಸಬೇಕು. ಅನಂತರ ತೊಳೆಯದಂತೆ ತಡೆಯಬೇಕು. ದಾದಿಯರು ಹಗಲೆಲ್ಲ ಜೊತೆಗಿದ್ದು ನೋಡಿಕೊಂಡರು. ತೊಳೆಯುವ ರೋಗಿಯ ಕೋಣೆಯ ನಲ್ಲಿಗಳಲ್ಲಿ ನೀರನ್ನೇ ನಿಲ್ಲಿಸಿದರು. ಇಬ್ಬರಲ್ಲಿಯೂ ಒತ್ತಾಯಕ್ರಿಯೆಗಳು ಬಹಳವಾಗಿ ಇಳಿದವು. 1974ರ ಹೊತ್ತಿಗೆ ಮೆಯರ್ ಮತ್ತು ಅವರ ಸಂಗಡಿಗರು ಇಂಥ 15 ರೋಗಿಗಳ ವಿವರ ಕೊಟ್ಟರು. 10 ಮಂದಿಗೆ ಚೆನ್ನಾಗಿ ಗುಣವಾಗಿ, ಉಳಿದವರಿಗೆ ಸ್ವಲ್ಪಮಟ್ಟಿಗೆ ಗುಣವಾಗಿತ್ತು.

ಇಂದು ಯಾರೂ ನಲ್ಲಿಯ ನೀರನ್ನು ನಿಲ್ಲಿಸುವುದಿಲ್ಲ; ತಡೆಯುವವನು ರೋಗಿಯೇ, ಚಿಕಿತ್ಸಕ ಜೊತೆಗಾರ ಮಾತ್ರ. ಆದರೆ ತತ್ತ್ವ ಅದೇ. ಭಯಕ್ಕೆ ಎದುರಾಗಬೇಕು, ಒತ್ತಾಯಕ್ರಿಯೆಯನ್ನು ತಡೆಹಿಡಿಯಬೇಕು. ಇವೆರಡರಲ್ಲಿ ಒಂದೇ ಸಾಲದೆ ಎಂಬ ಪ್ರಶ್ನೆಗೆ ಅಮೆರಿಕದ ಎಡ್ನಾ ಫೋಆ ಮತ್ತು ಅವರ ಸಂಗಡಿಗರು 1984ರಲ್ಲಿ ಉತ್ತರ ಕಂಡುಕೊಂಡರು. ಕೆಲವರಿಗೆ ಎದುರಿಸುವುದನ್ನು ಮಾತ್ರ, ಕೆಲವರಿಗೆ ತಡೆಯುವುದನ್ನು ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ಹೋಲಿಸಿದಾಗ, ಎರಡನ್ನೂ ಪಡೆದವರೇ ಹೆಚ್ಚು ಗುಣ ಹೊಂದಿದರು. ಹೈಫಾದಲ್ಲಿ 1937ರಲ್ಲಿ ಹುಟ್ಟಿದ ಈ ಮಹಿಳೆ ಫಿಲಡೆಲ್ಫಿಯಾದಲ್ಲಿ ಕಳವಳದ ರೋಗಗಳಿಗಾಗಿಯೇ ಒಂದು ಕೇಂದ್ರವನ್ನು ಕಟ್ಟಿ, ದಶಕಗಳ ಕಾಲ ಚಿಕಿತ್ಸಕರನ್ನು ತರಬೇತು ಮಾಡಿದರು. ಒಂದೇ ರೋಗದ ಚಿಕಿತ್ಸೆಯನ್ನು ಬಾಳಿನುದ್ದಕ್ಕೂ ತಿದ್ದುತ್ತ ಹೋಗುವ ವೃತ್ತಿಗೆ ಅವರದು ಒಳ್ಳೆಯ ಉದಾಹರಣೆ.

ಬಾದಾಮಿಯ ಮೆಟ್ಟಿಲ ಮೇಲೆ

ಈಗ ನಮ್ಮ ಹುಡುಗನ ಬಳಿಗೆ ಬರೋಣ. ಮನೆಯವರು ಮೊದಲು ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತರು. ಬಳಿಕ ಕಾಕಾ ಅವನನ್ನು ಹುನಗುಂದದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯ ವೈದ್ಯರೊಬ್ಬರು ಐದಾರು ಪ್ರಶ್ನೆ ಕೇಳಿ ಇದು ಗೀಳುರೋಗವೆಂದು ಗುರುತು ಹಿಡಿದು, ಬಾಗಲಕೋಟೆಯ ಮನೋವೈದ್ಯರ ಬಳಿಗೆ ಕಳುಹಿಸಿದರು. ಮನೋವೈದ್ಯರು ಔಷಧಿ ಆರಂಭಿಸಿ, ಜೊತೆಗೆ ಧಾರವಾಡದಲ್ಲಿದ್ದ ಒಬ್ಬ ಚಿಕಿತ್ಸಾ ಮನೋವಿಜ್ಞಾನಿಯ ಹತ್ತಿರ ಹೋಗಬೇಕೆಂದರು. ಮಧ್ಯವಯಸ್ಸಿನ ಆ ಮಹಿಳೆ ಬೆಂಗಳೂರಿನಲ್ಲಿ ತರಬೇತಿ ಪಡೆದು, ಅನೇಕ ವರ್ಷಗಳಿಂದ ಮುಖ್ಯವಾಗಿ ಇದೇ ರೋಗವನ್ನು ನೋಡುತ್ತಿದ್ದವರು.

ಅವರು ಮೊದಲು ಮಾಡಿದ ಕೆಲಸ ಅಳೆಯುವುದು. 1989ರಲ್ಲಿ ಅಮೆರಿಕದ ವೇಯ್ನ್ ಗುಡ್‌ಮನ್ ಮತ್ತು ಸಂಗಡಿಗರು ರೂಪಿಸಿದ ಒಂದು ಮಾನಕದಲ್ಲಿ ಹತ್ತು ಪ್ರಶ್ನೆಗಳಿವೆ; ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 40. ನಮ್ಮ ಹುಡುಗನಿಗೆ 28 ಬಂದಿತು. ಅದು ತೀವ್ರವಾದ ರೋಗ. ಎರಡನೆಯ ಕೆಲಸ ಏಣಿಯನ್ನು ಕಟ್ಟುವುದು. ಯಾವ ಕೆಲಸಕ್ಕೆ ಎಷ್ಟು ಕಳವಳ ಎಂಬುದಕ್ಕೆ ಹುಡುಗನೇ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಬೇಕು. ಪತ್ರವನ್ನು ಮತ್ತೊಮ್ಮೆ ಓದದೆ ಅಂಚೆಗೆ ಹಾಕುವುದು 30. ಪ್ರಯೋಗದ ಪುಸ್ತಕವನ್ನು ತಿರುಗಿ ನೋಡದೆ ಒಪ್ಪಿಸುವುದು 55. ಬೀಗವನ್ನು ಒಮ್ಮೆ ಮಾತ್ರ ಎಳೆದು ನೋಡಿ ಕಾಲೇಜಿಗೆ ಬರುವುದು 70. ಹಾಗೆಯೇ ಬೀಗ ಹಾಕಿ ಹೊರಟು ಇಡೀ ದಿನ ಬೇರೆ ಊರಿನಲ್ಲಿ ಇರುವುದು 90. ಏಣಿಯ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕು. ಒಂದು ಮೆಟ್ಟಿಲು ಪಳಗಿದ ಮೇಲೆ ಮುಂದಿನದು.

ಮೂರನೆಯ ಕೆಲಸ, ಸುತ್ತಲಿನವರಿಗೆ ಪಾಠ ಹೇಳುವುದು. ಅವನ ತಾಯಿಯನ್ನೂ ಕಾಕಾನನ್ನೂ ನಮ್ಮನ್ನೂ ಕರೆಸಿ, ಇನ್ನು ಮುಂದೆ ಅವನ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಹೇಳಿದರು. ಬೈಯಲೂ ಬಾರದು, ಸಮಾಧಾನ ಹೇಳಲೂ ಬಾರದು. "ಬರೋಬರಿ ಇರಬಹುದು, ಇಲ್ಲದೆಯೂ ಇರಬಹುದು, ಮುಂದಿನ ಕೆಲಸ ಮಾಡು" ಎನ್ನಬೇಕು. ತಾಯಿಗೆ ಇದು ನಮಗಿಂತ ಬೇಗ ಅರ್ಥವಾಯಿತು. "ಎಳಿ ಹರದ್ರ ಗಂಟ ಹಾಕಿ ಮುಂದ ನೇಯಬೇಕ್ರೀ. ಗಂಟ ನೋಡಕೋತ ಕುಂತ್ರ ಸೀರಿ ಮುಗಿಯಂಗಿಲ್ಲ" ಎಂದಳು ಆಕೆ. ಮಗ್ಗದ ಮುಂದೆ ಕುಳಿತು ಬಾಳಿದವಳ ಮಾತು ಅದು.

ಏಣಿಯ ಕೊನೆಯ ಮೆಟ್ಟಿಲನ್ನು ಹತ್ತುವ ದಿನ ಹುಡುಗ ನಮ್ಮನ್ನು ಜೊತೆಗೆ ಬರುವಂತೆ ಕೇಳಿದನು. ಚಿಕಿತ್ಸಕಿ ಒಪ್ಪಿದರು. ನವನಗರದ ಕೋಣೆಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಬಾದಾಮಿಯ ಬಸ್ಸು ಹತ್ತಿದೆವು. ಅವನ ಕೈಯಲ್ಲಿ ಗಡಿಯಾರವೂ ಒಂದು ಗ್ರಾಫ್ ಹಾಳೆಯೂ ಇದ್ದವು. ಹತ್ತು ಹತ್ತು ನಿಮಿಷಕ್ಕೆ ಕಳವಳದ ಅಂಕವನ್ನು ಗುರುತಿಸಬೇಕು. ಬಸ್ಸು ಹೊರಟಾಗ 85. ಬಾದಾಮಿಯಲ್ಲಿ ಇಳಿದಾಗ 90. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತೆವು. ಕೆಂಪು ಬಂಡೆಗಳ ನೆರಳು ನೀರಿನಲ್ಲಿತ್ತು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹುಡುಗ ಏನನ್ನೂ ನೋಡುತ್ತಿರಲಿಲ್ಲ. "ಸರ್, ನೀವೂ ನೋಡೀರಲ್ರೀ, ಕೀಲಿ ಬಿದ್ದಿತ್ತಲ್ರೀ?" ಎಂದು ಕೇಳಿದನು. ನಾವು ನೋಡಿದ್ದೆವು, ಬಿದ್ದಿತ್ತು. ಆ ಒಂದು ಮಾತನ್ನು ನುಂಗಿಕೊಂಡು ಸುಮ್ಮನೆ ಕುಳಿತಿರುವುದು ಎಷ್ಟು ಕಷ್ಟವೆಂಬುದು ನಮಗೆ ಅಂದು ತಿಳಿಯಿತು. ಈ ವೃತ್ತಿಯವರು ದಿನಕ್ಕೆ ಎಷ್ಟು ಸಲ ಹೀಗೆ ಸುಮ್ಮನಿರುತ್ತಾರೋ!

ಅರ್ಧ ಗಂಟೆಯ ಬಳಿಕ ಅಂಕ 70. ಒಂದು ಗಂಟೆಯ ಬಳಿಕ 45. ಮಧ್ಯಾಹ್ನ ರೊಟ್ಟಿಯ ಗಂಟನ್ನು ಬಿಚ್ಚಿದಾಗ 20. ಹಾಳೆಯ ಮೇಲಿನ ಬಿಂದುಗಳನ್ನು ಕೂಡಿಸಿದರೆ ಭೌತವಿಜ್ಞಾನದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ಇಳಿಜಾರಿನ ರೇಖೆ. ಇಂಥ ರೇಖೆಯನ್ನು ರಾಕ್ಮನ್, ಡಿ ಸಿಲ್ವ ಮತ್ತು ರೋಪರ್ ಅವರು 1976ರಲ್ಲಿಯೇ ಗುರುತಿಸಿದ್ದರು. ರೋಗಿಗಳಲ್ಲಿ ಕಳವಳವನ್ನು ಎಬ್ಬಿಸಿ, ಒತ್ತಾಯಕ್ರಿಯೆಗೆ ಅವಕಾಶ ಕೊಡದೆ, ಮೂರು ಗಂಟೆಗಳ ಕಾಲ ಅಳೆದುನೋಡಿದರು. ಯಾರೂ ಏನೂ ಮಾಡದೆಯೇ ಆ ಒತ್ತಡ ತಾನಾಗಿಯೇ ಇಳಿಯುತ್ತಿತ್ತು. ಈ ಇಳಿತವನ್ನು ಹೆಸರಿಸಲು, ವಿಕಿರಣದ ಕ್ಷಯಕ್ಕೆ ನಾವು ಬಳಸುವ ಪದವನ್ನೇ ಅವರೂ ಬಳಸಿದರು.

ಉಪಮಾನ ಎಲ್ಲಿ ಮುರಿಯುತ್ತದೆ?

ಹಾಗಾದರೆ ಭಯವು ಬಚ್ಚಲ ಹಂಡೆಯ ಬಿಸಿನೀರಿನಂತೆ ಎಂದು ಹೇಳಬಹುದೆ? ಒತ್ತಾಯಕ್ರಿಯೆ ಎಂದರೆ ಹಂಡೆಗೆ ಒಂದು ತಂಬಿಗೆ ತಣ್ಣೀರು ಸುರಿದು, ಅದರ ಜೊತೆಗೆ ಒಲೆಗೆ ಇನ್ನೊಂದು ಕಟ್ಟಿಗೆಯನ್ನೂ ಇಟ್ಟಂತೆ. ಕ್ಷಣಕಾಲ ತಂಪು, ಆಮೇಲೆ ಮೊದಲಿಗಿಂತ ಹೆಚ್ಚು ಕುದಿ. ಕಟ್ಟಿಗೆ ಇಡದೆ ಬಿಟ್ಟರೆ ನೀರು ತಾನಾಗಿ ಆರುತ್ತದೆ. ಉಪಮಾನ ಚೆನ್ನಾಗಿದೆ, ಬಹುಕಾಲ ವಿಜ್ಞಾನಿಗಳೂ ಹೀಗೆಯೇ ತಿಳಿದಿದ್ದರು.

ಆದರೆ ಉಪಮಾನವನ್ನು ಎಲ್ಲಿಯವರೆಗೆ ಎಳೆಯಬಹುದೆಂಬ ಎಚ್ಚರ ಇರಬೇಕು. ಆರಿದ ನೀರಿಗೆ ತಾನು ಕಾದಿದ್ದುದು ನೆನಪಿರುವುದಿಲ್ಲ, ಮನಸ್ಸಿಗೆ ಇರುತ್ತದೆ. ಕಳವಳ ಎಷ್ಟು ಬೇಗ ಇಳಿಯಿತೆಂಬುದಕ್ಕಿಂತ ರೋಗಿ ಅದರಿಂದ ಏನನ್ನು ಕಲಿತನೆಂಬುದು ಮುಖ್ಯವೆಂದು ಅಮೆರಿಕದ ಮಿಶೆಲ್ ಕ್ರಾಸ್ಕ್ ಮೊದಲಾದವರು ಈ ಶತಮಾನದಲ್ಲಿ ವಾದಿಸಿದ್ದಾರೆ. ಅವರ ಪ್ರಕಾರ ಹಳೆಯ ಭಯ ಅಳಿದುಹೋಗುವುದಿಲ್ಲ. "ನಾನು ಖಚಿತವಿಲ್ಲದೆಯೂ ಒಂದು ದಿನ ಕಳೆಯಬಲ್ಲೆ" ಎಂಬ ಹೊಸ ಕಲಿಕೆ ಅದರ ಪಕ್ಕದಲ್ಲಿ ಬೇರೂರಿ ಅದನ್ನು ಅದುಮಿ ಹಿಡಿಯುತ್ತದೆ. ಆದುದರಿಂದ ಅಭ್ಯಾಸವನ್ನು ಒಂದೇ ಜಾಗದಲ್ಲಿ ಮಾಡದೆ ಬೇರೆ ಬೇರೆ ಊರು, ಬೇರೆ ಬೇರೆ ಹೊತ್ತು, ಬೇರೆ ಬೇರೆ ಸನ್ನಿವೇಶಗಳಲ್ಲಿ ಮಾಡಿಸುತ್ತಾರೆ. ಕಳವಳ ಇಳಿಯದ ದಿನವೂ ಸೋಲಿನ ದಿನವಲ್ಲ. ಕಳವಳದೊಡನೆಯೇ ಕುಳಿತಿದ್ದುದು ಕಲಿಕೆಯೇ.

ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದೆಂದು ಹೇಳುವುದು ಸತ್ಯವಲ್ಲ. 2005ರಲ್ಲಿ ಫೋಆ ಮತ್ತು ಸಂಗಡಿಗರು ಪ್ರಕಟಿಸಿದ ಹನ್ನೆರಡು ವಾರಗಳ ಹೋಲಿಕೆಯಲ್ಲಿ, ಈ ಚಿಕಿತ್ಸೆಯಿಂದ ನೂರಕ್ಕೆ 62 ಮಂದಿಗೆ, ಕ್ಲೋಮಿಪ್ರಮಿನ್ ಎಂಬ ಔಷಧಿಯಿಂದ 42 ಮಂದಿಗೆ, ಎರಡೂ ಸೇರಿದಾಗ 70 ಮಂದಿಗೆ, ಔಷಧಿಯಿಲ್ಲದ ಹುಸಿ ಗುಳಿಗೆಯಿಂದ 8 ಮಂದಿಗೆ ಗುಣ ಕಂಡಿತು. ಕ್ಲೋಮಿಪ್ರಮಿನ್ ಈ ರೋಗಕ್ಕೆ ನೆರವಾಗುವುದೆಂಬುದನ್ನು 1960ರ ದಶಕದಲ್ಲಿ ಸ್ಪೇನಿನ ವೈದ್ಯರು ಕಂಡಿದ್ದರು. ಅನಂತರ ಬಂದ, ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಔಷಧಿಗಳನ್ನು ಈಗ ಮೊದಲು ಕೊಡುತ್ತಾರೆ. ಕೆಲವರಿಗೆ ರೋಗ ಮರುಕಳಿಸುವುದೂ ಉಂಟು. ಕೆಲವರು ಅಂಜಿ ನಡುವೆಯೇ ಬಿಡುತ್ತಾರೆ. ಆದರೂ ಮದ್ದಿಲ್ಲವೆಂದು ಕೈಬಿಟ್ಟಿದ್ದ ರೋಗಕ್ಕೆ ಇಷ್ಟು ಸಾಧ್ಯವಾಗಿರುವುದು ಸಣ್ಣ ಸಂಗತಿಯಲ್ಲ.

ಈ ವೃತ್ತಿಗೆ ದಾರಿ

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮರುವರ್ಷವೇ ಅಲ್ಲಿ ಮನೋವಿಜ್ಞಾನಿಗಳಿಗೆ ಚಿಕಿತ್ಸೆಯ ತರಬೇತಿ ಮೊದಲಾಯಿತು. 1974ರಿಂದ ಆ ಸಂಸ್ಥೆ ನಿಮ್ಹಾನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅಲ್ಲಿ ಗೀಳುರೋಗಕ್ಕಾಗಿಯೇ ಪ್ರತ್ಯೇಕ ಚಿಕಿತ್ಸಾಲಯವಿದೆ, ಡಾ. ವೈ. ಸಿ. ಜನಾರ್ದನ ರೆಡ್ಡಿಯವರು ಮತ್ತು ಅವರ ಸಂಗಡಿಗರು ಈ ರೋಗದ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಭಾರತದ ಮನೋವೈದ್ಯರಿಗಾಗಿ 2017ರಲ್ಲಿ ಪ್ರಕಟವಾದ ಗೀಳುರೋಗದ ಚಿಕಿತ್ಸಾ ಮಾರ್ಗದರ್ಶಿಯನ್ನು ಬರೆದವರೂ ಅವರೇ.

ಈ ವೃತ್ತಿಗೆ ಎರಡು ದಾರಿಗಳಿವೆ. ವೈದ್ಯಪದವಿ ಪಡೆದು ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವುದು ಒಂದು. ಇವರು ಔಷಧಿಯನ್ನೂ ಕೊಡಬಲ್ಲರು. ಮನೋವಿಜ್ಞಾನವನ್ನು ಓದಿ ಚಿಕಿತ್ಸಾ ಮನೋವಿಜ್ಞಾನದಲ್ಲಿ ಆಸ್ಪತ್ರೆಯ ತರಬೇತಿ ಪಡೆಯುವುದು ಇನ್ನೊಂದು. ಎರಡನೆಯ ದಾರಿಯವರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಬಹುಕಾಲ ಇದಕ್ಕೆ ಎರಡು ವರ್ಷಗಳ ಎಂ.ಫಿಲ್. ಪದವಿ ಬೇಕಾಗಿತ್ತು, ಈಚೆಗೆ ಈ ಶಿಕ್ಷಣಕ್ರಮ ಮಾರ್ಪಡುತ್ತಿರುವುದರಿಂದ, ಸೇರುವ ಮೊದಲು ಆ ತರಗತಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಪದವಿಯ ಜೊತೆಗೆ ಬೇಕಾದ ಗುಣ ಒಂದುಂಟು. ರೋಗಿ ಕಣ್ಣೀರಿಡುತ್ತ, ಒಂದೇ ಒಂದು ಸಲ ಹೇಳಿಬಿಡಿ ಎಂದು ಕೇಳುವಾಗ ಹೇಳದಿರುವ ಕರುಣೆ ಅದು. ಒತ್ತಾಯ ಮಾಡಬಾರದು, ಮೋಸ ಮಾಡಬಾರದು. ರೋಗಿ ಒಪ್ಪದ ಮೆಟ್ಟಿಲನ್ನು ಹತ್ತಿಸಬಾರದು. ತಾನು ಮಾಡಲಾರದ್ದನ್ನು ಅವನಿಂದ ಮಾಡಿಸಬಾರದು. ನೆಲ ಮುಟ್ಟಬೇಕಾದರೆ ಚಿಕಿತ್ಸಕನೇ ಮೊದಲು ಮುಟ್ಟುತ್ತಾನೆ.

ಇಂಥವರ ಅವಶ್ಯಕತೆ ಎಷ್ಟೆಂಬುದನ್ನು ಅಂದಾಜು ಮಾಡೋಣ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾವಿರ ವಯಸ್ಕರಲ್ಲಿ ಸುಮಾರು ಎಂಟು ಮಂದಿಗೆ ಗೀಳುರೋಗ ಕಂಡಿತು. ನಮ್ಮ ರಾಜ್ಯ ಆ ಹನ್ನೆರಡರಲ್ಲಿ ಇರಲಿಲ್ಲವಾದರೂ ಅಂದಾಜಿಗೆ ಆ ಪ್ರಮಾಣವನ್ನೇ ಹಿಡಿಯಬಹುದು. 2011ರ ಜನಗಣತಿಯಂತೆ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ. ಇವರಲ್ಲಿ ವಯಸ್ಕರು 12 ಲಕ್ಷವೆಂದು ಇಟ್ಟುಕೊಂಡರೆ ಗೀಳುರೋಗಿಗಳು ಒಂಬತ್ತು ಸಾವಿರದ ಆರುನೂರು. ಅವರಲ್ಲಿ ಅನೇಕರಿಗೆ ತಮಗಿರುವುದು ರೋಗವೆಂದಾಗಲಿ, ಅದಕ್ಕೆ ಚಿಕಿತ್ಸೆಯಿದೆಯೆಂದಾಗಲಿ ತಿಳಿದಿರಲಾರದು. ರೋಗ ಮೊದಲು ಕಾಣಿಸುವುದು ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಅದನ್ನು ದಾಟಿದ ಕೆಲವು ವರ್ಷಗಳಲ್ಲಿ, ಎಂದರೆ ಈ ಲೇಖನವನ್ನು ಓದುವವರ ವಯಸ್ಸಿನಲ್ಲಿ.

ಹಳ್ಳಿಯ ಮನೋರೋಗಿಗೆ ಊರ ಹತ್ತಿರವೇ ಚಿಕಿತ್ಸೆ ದೊರೆಯಬೇಕೆಂಬ ಯೋಜನೆಯನ್ನು ನಿಮ್ಹಾನ್ಸ್ 1985ರಿಂದ ಪರೀಕ್ಷಿಸಿದ್ದು ನಮಗೆ ದೂರವಲ್ಲದ ಬಳ್ಳಾರಿ ಜಿಲ್ಲೆಯಲ್ಲಿ. ಅದರ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಮೊದಲಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವಾಚಕರಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ, ಲೇಖನವನ್ನು ಓದಿ ತಾವೇ ಚಿಕಿತ್ಸೆ ಮಾಡಿಕೊಳ್ಳಲು ಹೊರಡದೆ, ಬಲ್ಲವರ ಬಳಿಗೆ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ.

ನಮ್ಮ ಹುಡುಗನಿಗೆ ಎಂಟು ತಿಂಗಳ ಬಳಿಕ ಆ ಮಾನಕದಲ್ಲಿ 28 ಇದ್ದ ಅಂಕ 11ಕ್ಕೆ ಇಳಿಯಿತು. ಸೊನ್ನೆಯಾಗಲಿಲ್ಲ. ಮರುವರ್ಷ ಅವನು ಲೋಲಕದ ಪ್ರಯೋಗವನ್ನು ಮತ್ತೆ ಮಾಡಿದನು. ಪ್ರತಿ ಉದ್ದಕ್ಕೂ ಮೂರು ಅಳತೆ, ಕೊನೆಗೆ ಉತ್ತರ, ಅದರ ಮುಂದೆ ಕೂಡು ಕಳೆ ಚಿಹ್ನೆ. ಪುಸ್ತಕವನ್ನು ನಮ್ಮ ಮೇಜಿನ ಮೇಲಿಟ್ಟು ಒಂದು ಗಳಿಗೆ ನಿಂತನು. ಏನೋ ಕೇಳಬೇಕೆಂದಿರುವಂತೆ ತೋರಿತು. ಕೇಳಲಿಲ್ಲ, ಹೊರಟುಹೋದನು. ನಾವು ಪುಟ ತಿರುವಿದೆವು. ಎರಡನೆಯ ಉದ್ದದ ಲೆಕ್ಕದಲ್ಲಿ ಒಂದು ಸಣ್ಣ ತಪ್ಪಿತ್ತು. ಕೆಂಪು ಶಾಯಿಯಿಂದ ಅದನ್ನು ಗುರುತಿಸಿ, ಉಳಿದ ಹುಡುಗರಿಗೆ ಕೊಡುವಂತೆ ಅವನಿಗೂ ಅಂಕ ಕೊಟ್ಟೆವು.